ಮೊದಲೇ ಹೇಳಬೇಕಾದ ಮಾತು

"ಮುಷ್ಟಿ ಕಟ್ಟಿ ಅಣ್ಣ. ಇನ್ನೂ ಗಟ್ಟಿ."

ತೋಳಿಗೆ ಬಿಗಿದ ರಬ್ಬರ್ ಪಟ್ಟಿಯ ಕೆಳಗೆ ನರ್ಸ್ ವಿಸ್ಮಿತಾಳ ಎರಡು ಬೆರಳುಗಳು ಒತ್ತುತ್ತ, ಬಿಡುತ್ತ, ಒಂದಿಷ್ಟು ಸರಿದು ಮತ್ತೆ ಒತ್ತುತ್ತ ನರ ಹುಡುಕುತ್ತಿದ್ದವು. ಲೋಕನಾಥ ಶೆಟ್ಟಿಗೆ ಅಷ್ಟು ತಾಳ್ಮೆ ಇರಲಿಲ್ಲ. ಕೈ ಮಗುಚಿ, ಮುಂಗೈಯ ಮೇಲೆ ಉಬ್ಬಿ ನಿಂತಿದ್ದ ನೀಲಿ ನರವನ್ನು ತೋರಿಸಿದ.

"ಇದೋ, ಇಲ್ಲಿ ಹಗ್ಗದ ಹಾಗೆ ಉಂಟಲ್ಲ. ಇದಕ್ಕೇ ಚುಚ್ಚಿ ಮುಗಿಸಿ."

"ಅದು ಬೇಡ ಅಣ್ಣ. ಇದು ಮೆಷಿನು ತಳ್ಳುವ ಔಷಧಿ, ಒಮ್ಮೆಲೇ ರಭಸದಲ್ಲಿ ಹೋಗ್ತದೆ. ಕೈಯ ನರ ತಡೆಯದೆ ಒಡೆದರೆ ಔಷಧಿ ಎಲ್ಲ ಚರ್ಮದ ಅಡಿಯಲ್ಲಿ ನಿಂತು ಕೈ ಕುಂಬಳಕಾಯಿ ಆಗ್ತದೆ. ಮೊಣಕೈಯದ್ದೇ ಒಳ್ಳೆಯದು." ಬೆರಳು ಒಂದು ಕಡೆ ನಿಂತಿತು. "ಸಿಕ್ಕಿತು. ಹೀಗೇ ಇರಿ."

ಸ್ಪಿರಿಟ್ ಹಚ್ಚಿ ಅದು ಆರುವುದನ್ನು ಕಾಯುತ್ತ ಅವಳು ಮಾಮೂಲಿನ ಪ್ರಶ್ನೆಗಳನ್ನು ಕೇಳಿದಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲವಲ್ಲ? ಉಬ್ಬಸ ಉಂಟಾ? ಶುಗರಿನ ಮಾತ್ರೆ ತಕೊಳ್ತೀರಾ? ಲೋಕನಾಥ ಎಲ್ಲದಕ್ಕೂ ಇಲ್ಲವೆಂದು ತಲೆಯಾಡಿಸಿದ.

"ಮುಂಚೆ ಯಾವಾಗಾದರೂ ಈ ಸ್ಕ್ಯಾನಿಂಗಿನ ಇಂಜೆಕ್ಷನ್ ತಕೊಂಡದ್ದುಂಟಾ? ಬಣ್ಣದ್ದು?"

"ಇಲ್ಲ."

ಮೂಲೆಯ ಸ್ಟೂಲಿನಲ್ಲಿ ಗಂಡನ ಅಂಗಿ, ವಾಚು, ಮೊಬೈಲುಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಕಾಂತಿ ತಲೆಯೆತ್ತಿದಳು.

"ಬೇರೆ ಯಾವ ಇಂಜೆಕ್ಷನಿಗಾದರೂ ಮೈ ತುರಿಸಿದ್ದು, ಉಸಿರು ಕಟ್ಟಿದ್ದು, ಮುಖ ಊದಿದ್ದು?"

"ಇಲ್ಲ ಮಾರಾಯ್ತಿ. ಕಲ್ಲಿನ ಹಾಗೆ ಇದ್ದೇನೆ. ನಿಮ್ಮ ಪ್ರಶ್ನೆಯಲ್ಲೇ ಸಾಯಿಸ್ತೀರಿ ನನ್ನನ್ನು."

ವಿಸ್ಮಿತಾ ನಕ್ಕಳು. ಬೆಳ್ತಂಗಡಿಯ ಆಚೆ ಘಟ್ಟದ ಬುಡದ ಊರಿನ ಹುಡುಗಿ. ನಕ್ಕರೂ ಕೆಲಸ ಬಿಡುವವಳಲ್ಲ. ಕಾಂತಿಯತ್ತ ತಿರುಗಿದಳು. "ಅಕ್ಕ, ನಿಮಗೆ ಏನಾದರೂ ನೆನಪುಂಟಾ? ಗಂಡಸರು ಕೆಲವೊಮ್ಮೆ ಮರೆತುಬಿಡ್ತಾರೆ."

ಕಾಂತಿಯ ಬಾಯಿ ತೆರೆಯಿತು. ಅಷ್ಟರಲ್ಲಿ ಲೋಕನಾಥ ದೊಡ್ಡದಾಗಿ ನಕ್ಕ. "ಅವಳಿಗೆ ಎಂಥ ಗೊತ್ತುಂಟು? ನಾನು ಇದ್ದದ್ದು ಬಹರೈನಿನಲ್ಲಿ, ಅವಳು ಸಿದ್ಧಕಟ್ಟೆಯಲ್ಲಿ. ನನ್ನ ಅರ್ಧ ಆಯುಷ್ಯ ಅವಳು ನೋಡಿದ್ದೇ ಇಲ್ಲ." ನಗುತ್ತಲೇ ಹೆಂಡತಿಯನ್ನು ನೋಡಿದ. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಕಾಂತಿ ಬಾಯಿ ಮುಚ್ಚಿದಳು.

ಸೂಜಿ ಒಳಗೆ ಹೋಯಿತು. ಸಣ್ಣ ಕೊಳವೆಯಲ್ಲಿ ರಕ್ತದ ಒಂದು ಕೆಂಪು ಗೆರೆ ಕಾಣಿಸಿಕೊಂಡಿತು. ವಿಸ್ಮಿತಾ ಸೂಜಿಯನ್ನು ಹಿಂದೆಗೆದು, ಮೆದುವಾದ ನಳಿಗೆಯನ್ನು ಮಾತ್ರ ಒಳಗೆ ಬಿಟ್ಟು, ಅಂಟುಪಟ್ಟಿ ಹಚ್ಚಿದಳು. ಉಪ್ಪುನೀರಿನ ಸಿರಿಂಜನ್ನು ಸಿಕ್ಕಿಸಿ ಮೆಲ್ಲಗೆ ತಳ್ಳುತ್ತ, ಇನ್ನೊಂದು ಕೈಯ ಬೆರಳನ್ನು ಚರ್ಮದ ಮೇಲೆ ಇಟ್ಟು ಪರೀಕ್ಷಿಸಿದಳು. "ನೋವುಂಟಾ? ಉರಿ?" ಇಲ್ಲವೆಂದ. "ಹಾಗಾದರೆ ಸರಿಯಾಗಿ ಕೂತಿದೆ. ಕೇಳಿ ಅಣ್ಣ, ಮೊದಲು ಔಷಧಿ ಇಲ್ಲದೆ ಒಂದು ಫೋಟೋ ತೆಗೀತಾರೆ. ಆಮೇಲೆ ಔಷಧಿ ಬಿಡುವುದು. ಬಿಡುವಾಗ ಮೈಯೆಲ್ಲ ಒಮ್ಮೆ ಬಿಸಿಯಾಗ್ತದೆ. ಮೂತ್ರ ಹೋದ ಹಾಗೆ ಅನಿಸ್ತದೆ, ನಿಜಕ್ಕೂ ಹೋಗುವುದಿಲ್ಲ. ಹೆದರ್ಲಿಕ್ಕಿಲ್ಲ. ಉಸಿರಾಡ್ಲಿಕ್ಕೆ ಏನಾದರೂ ಕಷ್ಟ ಆದರೆ ಕೂಡಲೇ ಹೇಳಿ, ಒಳಗೆ ಮೈಕ್ ಉಂಟು. ಡಾಕ್ಟರ್ ಶಶಿಪ್ರಭಾ ಪಕ್ಕದ ಕೋಣೆಯಲ್ಲೇ ಇರ್ತಾರೆ."

ಮೂತ್ರದ ಮಾತು ಬಂದಾಗ ಗಂಡನ ಕಿವಿ ಕೆಂಪಾದದ್ದನ್ನು ಕಾಂತಿ ಕಂಡಳು. ಯಾಕೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು.

ಏಳೆಂಟು ವರ್ಷದ ಹಿಂದೆ, ಅವಳು ವಿಸಿಟ್ ವೀಸಾದಲ್ಲಿ ಬಹರೈನಿಗೆ ಹೋಗಿದ್ದಾಗ ನಡೆದದ್ದು. ಲೋಕನಾಥ ಅಲ್ಲಿ ಕಂಪೆನಿಗಳ ಲೇಬರ್ ಕ್ಯಾಂಪುಗಳಿಗೆ ಊಟ ಸರಬರಾಜು ಮಾಡುತ್ತಿದ್ದ. ಕೈಕೆಳಗೆ ನಲವತ್ತು ಜನ. ಅವನ ದನಿ ಕೇಳಿದರೆ ಅಡುಗೆಮನೆಯಲ್ಲಿ ಸೌಟಿನ ಸದ್ದೂ ನಿಲ್ಲುತ್ತಿತ್ತು. ಕಿಡ್ನಿಯ ಕಲ್ಲಿನ ನೋವೆಂದು ಆಸ್ಪತ್ರೆಗೆ ಹೋದಾಗ ಇದೇ ಔಷಧಿ ಕೊಟ್ಟರು. ಕೊಟ್ಟ ಕೂಡಲೇ ಸೀನು ಶುರುವಾಯಿತು. ಆಮೇಲೆ ಮುಖ ಊದಿ ಕಣ್ಣು ಮುಚ್ಚಿಹೋಯಿತು, ಗಂಟಲಿನಿಂದ ಸೀಟಿ ಊದಿದಂಥ ಸದ್ದು ಬಂತು. ಸ್ಟ್ರೆಚರಿನಲ್ಲಿ ಓಡಿಸಿಕೊಂಡು ಹೋಗುವಾಗ ಅವನ ಪೈಜಾಮ ಒದ್ದೆಯಾಗಿತ್ತು. "ಅಪ್ಪೇ, ಅಪ್ಪೇ" ಎಂದು ತುಳುವಿನಲ್ಲಿ, ಸತ್ತುಹೋದ ತಾಯಿಯನ್ನು ಕರೆಯುತ್ತಿದ್ದ. ಸಣ್ಣ ಪ್ರಾಯದ ನರ್ಸುಗಳು ಅವನ ಬಟ್ಟೆ ಬದಲಿಸಿದರು. ಬದುಕಿದ. ಅಲ್ಲಿನ ಮಲೆಯಾಳಿ ಡಾಕ್ಟರು ಕಾಂತಿಯನ್ನು ಕೂರಿಸಿಕೊಂಡು, ಇನ್ನು ಯಾವ ಆಸ್ಪತ್ರೆಗೆ ಹೋದರೂ ಬಾಗಿಲಲ್ಲೇ ಈ ಮಾತನ್ನು ಹೇಳಬೇಕು, ಎರಡನೇ ಸಲ ಇಷ್ಟು ಅದೃಷ್ಟ ಇರಲಾರದು ಎಂದು ಎರಡೆರಡು ಬಾರಿ ಹೇಳಿದ್ದರು. ಮನೆಗೆ ಬಂದ ಮೇಲೆ ಲೋಕನಾಥ ಹೇಳಿದ್ದು ಒಂದೇ ಮಾತು. "ಇದು ಊರಿನಲ್ಲಿ ಯಾರಿಗಾದರೂ ಗೊತ್ತಾದರೆ ನೀನೇ ಹೇಳಿದ್ದು ಅಂತ ನನಗೆ ಗೊತ್ತಾಗ್ತದೆ."

ಊರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಲೋಕನಾಥ ಊರಿಗೆ ಮರಳಿದ, ಸಹಕಾರಿ ಸಂಘದ ಅಧ್ಯಕ್ಷನಾದ. ಕಳೆದ ತಿಂಗಳಿಂದ ಮೂತ್ರದಲ್ಲಿ ರಕ್ತ ಕಾಣಿಸಿಕೊಂಡದ್ದೂ ಯಾರಿಗೂ ಗೊತ್ತಾಗಬಾರದಿತ್ತು. ಮಂಗಳೂರಿನ ದೊಡ್ಡ ಆಸ್ಪತ್ರೆಯಾದರೆ ಲಿಫ್ಟಿನಲ್ಲೇ ನಾಲ್ಕು ಜನ ಪರಿಚಯದವರು ಸಿಗುತ್ತಾರೆ. ಹಾಗಾಗಿ ಬಿ.ಸಿ. ರೋಡಿನ ಈ ಸ್ಕ್ಯಾನಿಂಗ್ ಸೆಂಟರು. ಕಾರಿಗೆ ಟೈರು ಹಾಕಿಸಲಿಕ್ಕೆ ಹೋಗುವುದು ಎಂದು ಮನೆಯ ಕೆಲಸದವರಿಗೆ ಹೇಳಿ ಹೊರಟಿದ್ದ.

ಕಾರಿನಲ್ಲಿ, ಬಂಟ್ವಾಳ ಪೇಟೆ ದಾಟುವಾಗ, ಕಾಂತಿ ಕೇಳಿದ್ದಳು. "ಅಲ್ಲಿಯದ್ದು ಹೇಳ್ತೀರಲ್ಲ?"

"ಎಲ್ಲಿಯದ್ದು?"

"ಬಹರೈನಿನದ್ದು."

ಅವನು ಒಂದು ಲಾರಿಯನ್ನು ಹಿಂದೆ ಹಾಕಿದ. ಆಮೇಲೆ ಹೇಳಿದ, "ಅದು ಆ ಕಾಲದ ಔಷಧಿ. ಈಗಿನದ್ದು ಬೇರೆ. ಹೇಳಿದರೆ ಇಲ್ಲಿ ಮಾಡುವುದಿಲ್ಲ, ಮಾತ್ರೆ ತಿನ್ನಿ, ಮಂಗಳೂರಿಗೆ ಹೋಗಿ ಅಂತಾರೆ. ಎಲ್ಲರೆದುರು ಮತ್ತೆ ಆ ಕತೆ ಬಿಚ್ಚಬೇಕಾ? ನೀನು ಬಾಯಿ ತೆರೆಯಬೇಡ. ತೆರೆದರೆ ಅಲ್ಲಿಂದಲೇ ಬಸ್ಸಿನಲ್ಲಿ ಹೋಗು."

ಈಗ ಟೆಕ್ನಿಷಿಯನ್ ಮುನವ್ವರ್ ಬಾಗಿಲಲ್ಲಿ ನಿಂತು ಕರೆದ. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. "ಬನ್ನಿ ಸರ್. ಮೈಮೇಲೆ ಚಿನ್ನ ಏನಾದರೂ ಉಂಟಾ?" ಲೋಕನಾಥ ಕುತ್ತಿಗೆಯ ಸರ ತೆಗೆದು ಹೆಂಡತಿಯ ಕೈಗೆ ಹಾಕಿದ. ಹಾಕುವಾಗ ಬಗ್ಗಿ, ಸಣ್ಣ ದನಿಯಲ್ಲಿ ತುಳುವಿನಲ್ಲಿ ಹೇಳಿದ. "ಮನಿಪಂದೆ ಕುಲ್ಲು."

ಸುಮ್ಮನೆ ಕೂತಿರು. ವಿಸ್ಮಿತಾಳಿಗೂ ಕೇಳಿಸಿತು. ಹೆದರಿದ ಹೆಂಡತಿಗೆ ಗಂಡ ಹೇಳಿದ ಧೈರ್ಯವೆಂದುಕೊಂಡು ಅವಳು ಮುಗುಳ್ನಕ್ಕಳು.

ಬಾಗಿಲು ಮುಚ್ಚಿತು. ಮೇಲಿನ ಕೆಂಪು ದೀಪ ಹತ್ತಿಕೊಂಡಿತು.

ಹೊರಗಿನ ಸಾಲುಕುರ್ಚಿಯಲ್ಲಿ ಒಬ್ಬ ಹೆಂಗಸು ಮಾತ್ರ ಇದ್ದಳು. ಹೆಸರು ಸೈನಬ ಎಂದು ಅವಳೇ ಹೇಳಿದಳು. ಗಂಡನ ರಿಪೋರ್ಟಿಗೆ ಕಾಯುತ್ತಿದ್ದಳು. ಗೋಡೆಯ ಟಿವಿಯಲ್ಲಿ ದನಿಯಿಲ್ಲದೆ ಯಾರೋ ಅಡುಗೆ ಮಾಡುತ್ತಿದ್ದರು. ಹೊರಗೆ ಹೆದ್ದಾರಿಯಲ್ಲಿ ಮಾರ್ಚಿನ ಬಿಸಿಲು, ಬಸ್ಸುಗಳ ಹಾರನ್ನು.

"ನಿಮ್ಮವರಾ ಒಳಗೆ?" ಸೈನಬ ಕೇಳಿದಳು. "ಇಂಜೆಕ್ಷನ್ ಉಂಟಾ?"

"ಉಂಟು."

"ನಮ್ಮವರಿಗೂ ಕೊಟ್ಟರು. ಅದಕ್ಕೆ ಮುಂಚೆ ಏನೆಲ್ಲ ಕೇಳ್ತಾರೆ ಅಲ್ವಾ? ಕೇಳುವುದು ಒಳ್ಳೆಯದೇ. ಕೆಲವರಿಗೆ ಆಗುವುದಿಲ್ಲವಂತೆ. ನೀವು ಎಲ್ಲ ಹೇಳಿದ್ದೀರಲ್ಲ?"

ಕಾಂತಿ ಮಡಿಲಲ್ಲಿದ್ದ ಚಿನ್ನದ ಸರವನ್ನು ಕರವಸ್ತ್ರದಲ್ಲಿ ಸುತ್ತಿದಳು. "ಹೇಳಿದ್ದಾರೆ," ಎಂದಳು.

ಅದು ಎಷ್ಟು ಸಲೀಸಾಗಿ ಬಂತು ಎಂದು ಅವಳಿಗೇ ಆಶ್ಚರ್ಯವಾಯಿತು. ಅವಳು ಸುಳ್ಳು ಹೇಳುವವಳಲ್ಲ. ಈಗ ಎದ್ದುಹೋಗಿ ಬಾಗಿಲು ಬಡಿಯಬೇಕು ಎಂದು ಗೊತ್ತಿತ್ತು. ಬಡಿಯುತ್ತೇನೆ, ಬಡಿಯದೆ ಇರುತ್ತೇನಾ ಎಂದೂ ಅಂದುಕೊಂಡಳು. ಮೊದಲ ಫೋಟೋಕ್ಕೆ ಔಷಧಿ ಇಲ್ಲ. ಹೊತ್ತುಂಟು. ಬಾಯಿ ಒಣಗಿತ್ತು. ಎದ್ದು ಮೂಲೆಯ ನೀರಿನ ಕ್ಯಾನಿನ ಹತ್ತಿರ ಹೋಗಿ ಪೇಪರ್ ಲೋಟ ತುಂಬಿಸಿದಳು. ಕುಡಿದಳು. ಇನ್ನೊಂದನ್ನು ತುಂಬಿಸಿ ತಂದು, ಗಂಡನ ಅಂಗಿ, ವಾಚುಗಳನ್ನು ಮತ್ತೆ ಮಡಿಲಲ್ಲಿಟ್ಟುಕೊಂಡು ಕುಳಿತಳು.

ನೀರು ಕುಡಿಯುವಾಗ, ಯಾಕೋ, ಅಮ್ಮ ಸತ್ತ ದಿನದ ಊಟ ನೆನಪಾಯಿತು.

ಮೂರು ವರ್ಷವಾಯಿತು. ಆ ದಿನ ಸಂಘದವರಿಗೆ ಮನೆಯಲ್ಲಿ ಊಟ. ಬೆಳಿಗ್ಗೆಯೇ ನರಿಕೊಂಬಿನಿಂದ ಅವಳ ತಮ್ಮ ಶೋಧನ್ ಫೋನು ಮಾಡಿದ್ದ. ಅವಳು ಕೋಳಿ ಹಚ್ಚುತ್ತಿದ್ದಳು. ಅವಳ ಫೋನು ಎತ್ತಿದ್ದು ಲೋಕನಾಥ. ಶೋಧನ್ ಜೊತೆ ಅವನಿಗೆ ಜಾಗದ ಪಾಲಿನ ವಿಷಯದಲ್ಲಿ ಮಾತು ನಿಂತು ಕೆಲವು ತಿಂಗಳಾಗಿತ್ತು. ಅವನು "ಹ್ಞೂಂ" ಎಂದು ಕೇಳಿಸಿಕೊಂಡು ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡ. ಜನ ಬಂದರು. ಅವಳು ರೊಟ್ಟಿ ಬಡಿಸಿದಳು, ಸಾರು ಬಡಿಸಿದಳು. ಯಾರೋ ಒಬ್ಬರು ತಮಾಷೆ ಮಾಡಿದಾಗ ಬಾಗಿಲಿಗೆ ಒರಗಿ ನಕ್ಕಳು. ಕೊನೆಯವನು ಕೈ ತೊಳೆದು ಹೋದ ಮೇಲೆ ಲೋಕನಾಥ ವೀಳ್ಯ ಜಗಿಯುತ್ತ ಹೇಳಿದ, "ನಿನ್ನ ಅಮ್ಮ ಹೋದರಂತೆ. ಬೆಳಿಗ್ಗೆ." ಅವರು ನರಿಕೊಂಬಿಗೆ ಮುಟ್ಟುವಾಗ ನದಿಯ ಕಡೆಯ ಗದ್ದೆಯಲ್ಲಿ ಹೊಗೆ ಏಳುತ್ತಿತ್ತು. ನಿನ್ನ ನೆಂಟರ ಊಟ ಮುಗಿಯಿತಾ ಎಂದು ಶೋಧನ್ ಎಲ್ಲರೆದುರು ಕೇಳಿದ. ಆಮೇಲೆ ಅವಳು ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಹತ್ತಲು ಲೋಕನಾಥ ಬಿಟ್ಟಿರಲಿಲ್ಲ. ಅಮ್ಮನ ಮುಖ ಕೊನೆಯದಾಗಿ ನೋಡಲಿಲ್ಲವೆಂಬುದಕ್ಕಿಂತ, ಅಮ್ಮ ಹೆಣವಾಗಿ ಮಲಗಿದ್ದಾಗ ತಾನು ಬಾಗಿಲಿಗೆ ಒರಗಿ ನಕ್ಕೆನಲ್ಲ ಎಂಬುದು ಅವಳನ್ನು ಹೆಚ್ಚು ಕೊರೆಯುತ್ತಿತ್ತು.

ಕೆಂಪು ದೀಪ ಆರಿತು. ಬಾಗಿಲು ತೆರೆದು ವಿಸ್ಮಿತಾ ಹೊರಗೆ ಬಂದಳು. ಎದುರಿನ ಕಪಾಟಿನಿಂದ ಏನೋ ಒಂದು ಪೊಟ್ಟಣ ತೆಗೆದುಕೊಂಡು ಹಿಂದೆ ಹೋಗುವಾಗ ಕಾಂತಿಯ ಎದುರು ಒಂದು ಗಳಿಗೆ ನಿಂತಳು.

"ಮೊದಲನೆಯದು ಮುಗೀತು ಅಕ್ಕ. ಈಗ ಔಷಧಿ ಬಿಡುವುದು. ಹೆದರಿಕೆ ಉಂಟಾ? ಏನೂ ಆಗುವುದಿಲ್ಲ."

ಕಾಂತಿ ಅವಳ ಮುಖ ನೋಡಿದಳು. ಹಣೆಯಲ್ಲಿ ಸಣ್ಣದೊಂದು ಬೆವರಿನ ಗೆರೆ, ಕಿವಿಯಲ್ಲಿ ನಕ್ಷತ್ರದ ಓಲೆ. ಒಳ್ಳೆಯ ಹುಡುಗಿ.

"ಹ್ಞೂಂ," ಎಂದಳು ಕಾಂತಿ.

ಬಾಗಿಲು ಮುಚ್ಚಿತು. ದೀಪ ಹತ್ತಿತು.

ಆಗ ಅವಳ ಕಣ್ಣಿಗೆ ಮನೆಯ ಜಗಲಿ ಕಾಣಿಸಿತು. ಬೇಕೆಂದು ಕಲ್ಪಿಸಿಕೊಂಡದ್ದಲ್ಲ, ಯಾರೋ ಎದುರು ಹಿಡಿದ ಫೋಟೋದ ಹಾಗೆ ತಾನಾಗಿ ಬಂತು. ಸಂಜೆಯ ಹೊತ್ತು. ಲೋಕನಾಥನ ಬೆತ್ತದ ಕುರ್ಚಿ ಖಾಲಿ. ಕುರ್ಚಿಯ ಮೇಲೆ ಬಿಸಿಲಿನ ಒಂದು ತುಂಡು. ಒಳಗೆ ಯಾರೂ ಕರೆಯುತ್ತಿಲ್ಲ. ಅವಳ ಕಾಲಿಗೆ ಚಪ್ಪಲಿ ಉಂಟು, ಹೆಗಲಿಗೆ ಚೀಲ ಉಂಟು, ಅವಳು ನರಿಕೊಂಬಿಗೆ ಹೊರಟಿದ್ದಾಳೆ. ಎಲ್ಲ ಎಷ್ಟು ಸ್ಪಷ್ಟವಾಗಿತ್ತೆಂದರೆ ಚೀಲದ ಬಣ್ಣವೂ ಗೊತ್ತಾಗುತ್ತಿತ್ತು. ಅವಳು ಅದನ್ನು ನೋಡುತ್ತ ಕುಳಿತಳು. ಮನಸ್ಸಿಗೆ ಒಂದು ತಂಪು ಇತ್ತು. ಆ ತಂಪು ಅವನಿಲ್ಲದ ಮನೆಯದ್ದೆಂದು ತಿಳಿದ ಕ್ಷಣವೇ ಅವಳು ಧಡಕ್ಕನೆ ಎದ್ದಳು.

ಮಡಿಲಲ್ಲಿದ್ದ ಅಂಗಿ, ವಾಚು ಎಲ್ಲ ನೆಲಕ್ಕೆ ಬಿದ್ದವು. ಅವಳು ಬಾಗಿಲಿಗೆ ಎರಡೂ ಕೈಯಿಂದ ಬಡಿದಳು.

"ಬಿಡಬೇಡಿ! ಔಷಧಿ ಬಿಡಬೇಡಿ! ಅವರಿಗೆ ಆಗುವುದಿಲ್ಲ!"

ಮುನವ್ವರ್ ಮೆಷಿನು ನಡೆಸುವ ತನ್ನ ಗಾಜಿನ ಕೋಣೆಯ ಬಾಗಿಲು ತೆರೆದ. ಅವನ ಹಿಂದೆ ವಿಸ್ಮಿತಾ. "ಎಂತ ಅಕ್ಕ? ಎಂತ ಆಗುವುದಿಲ್ಲ?"

"ಬಹರೈನಿನಲ್ಲಿ ಇದೇ ಇಂಜೆಕ್ಷನ್... ಉಸಿರು ನಿಂತಿತ್ತು... ಐಸಿಯುನಲ್ಲಿದ್ದರು..."

ವಿಸ್ಮಿತಾ ಗಾಜಿನತ್ತ ತಿರುಗಿದಳು. ಗಾಜಿನ ಆಚೆ, ಮೆಷಿನಿನ ಬಿಳಿ ಬಳೆಯೊಳಗೆ ಲೋಕನಾಥನ ಎರಡು ಪಾದಗಳು ಕಾಣುತ್ತಿದ್ದವು. "ಈಗಷ್ಟೇ ಹೋಗಿ ಮುಗೀತು," ಎಂದ ಮುನವ್ವರ್. ಅವನು ಅದನ್ನು ಹೇಳುತ್ತಿದ್ದ ಹಾಗೆ ಮೇಜಿನ ಮೇಲಿನ ಸಣ್ಣ ಸ್ಪೀಕರಿನಿಂದ ಒಂದು ಸೀನು ಕೇಳಿಸಿತು. ಹಿಂದೆಯೇ ಇನ್ನೊಂದು.

"ಡಾಕ್ಟರ್!" ವಿಸ್ಮಿತಾ ಕೂಗಿದಳು.

ಪಕ್ಕದ ಕೋಣೆಯಿಂದ ಡಾಕ್ಟರ್ ಶಶಿಪ್ರಭಾ ಓಡಿ ಬಂದರು. ಐವತ್ತು ದಾಟಿದ, ಸ್ವಲ್ಪ ದಪ್ಪನೆಯ ಹೆಂಗಸು. ಓಡುತ್ತಲೇ ಕೇಳಿಸಿಕೊಂಡರು, ಓಡುತ್ತಲೇ ಹೇಳಿದರು. "ಅಡ್ರಿನಲಿನ್ ತೆಗೆ. ಕೈಯ ನಳಿಗೆ ತೆಗೆಯಬೇಡ, ಅದು ಬೇಕು, ಸಲೈನ್ ಹಾಕು. ಮುನವ್ವರ್, ಟೇಬಲ್ ಹೊರಗೆ ತಕೋ, ಕಾಲು ಎತ್ತರ ಮಾಡು, ಆಕ್ಸಿಜನ್."

ಕಾಂತಿಯನ್ನು ಯಾರೂ ತಡೆಯಲಿಲ್ಲ. ಅವಳು ಹೊಸ್ತಿಲಲ್ಲಿ ನಿಂತು ನೋಡಿದಳು. ಟೇಬಲು ಹೊರಗೆ ಬಂದಾಗ ಅವನ ಕುತ್ತಿಗೆ, ಎದೆಯ ಮೇಲೆಲ್ಲ ಕೆಂಪು ದದ್ದುಗಳು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ತುಟಿ ದಪ್ಪವಾಗಿತ್ತು. ಗಂಟಲಿನಿಂದ ಅದೇ ಸೀಟಿಯ ಸದ್ದು. ಡಾಕ್ಟರ್ ಪೈಜಾಮದ ಮೇಲಿಂದಲೇ ತೊಡೆಗೆ ಸೂಜಿ ಇಳಿಸಿದರು. ಲೋಕನಾಥನ ಕಣ್ಣುಗಳು ಊದಿಕೊಂಡು ಮುಚ್ಚುವ ಮುಂಚೆ ಒಮ್ಮೆ ಹೊರಳಿ ಬಾಗಿಲಲ್ಲಿ ನಿಂತವಳನ್ನು ಕಂಡವು. ಅವಳನ್ನೇ ಕಂಡವೋ, ಬೆಳಕನ್ನೋ, ಅವಳಿಗೆ ತಿಳಿಯಲಿಲ್ಲ.

"ಇಳೀತಾ ಉಂಟು ಬಿಪಿ," ಎಂದಳು ವಿಸ್ಮಿತಾ.

"ಇನ್ನೊಂದು ಡೋಸ್ ಕೊಡುವ. ಆಂಬುಲೆನ್ಸ್ ಕರೆಯಿರಿ."

ಹಿಂದಿನಿಂದ ಸೈನಬ ಬಂದು ಕಾಂತಿಯ ತೋಳು ಹಿಡಿದುಕೊಂಡಳು. "ಬನ್ನಿ, ಕೂತುಕೊಳ್ಳಿ" ಎಂದಳು. ಬಿದ್ದ ವಾಚು, ಅಂಗಿಗಳನ್ನು ಅವಳೇ ಹೆಕ್ಕಿ ಇಟ್ಟಿದ್ದಳು. ಕಾಂತಿಗೆ ಕೊಡುವಾಗ ಏನೋ ಕೇಳಬೇಕೆಂದುಕೊಂಡವಳ ಹಾಗೆ ಮುಖ ನೋಡಿ, ಕೇಳದೆ ತನ್ನ ಕುರ್ಚಿಗೆ ಹಿಂದಿರುಗಿದಳು.

ಸೀಟಿಯ ಸದ್ದು ಮೆಲ್ಲಮೆಲ್ಲಗೆ ಉಸಿರಿನ ಸದ್ದಾಯಿತು.

ಆಂಬುಲೆನ್ಸಿಗೆ ಕಾಯುವಾಗ ಡಾಕ್ಟರ್ ಶಶಿಪ್ರಭಾ ಕಾರಿಡಾರಿಗೆ ಬಂದು ಕಾಂತಿಯ ಪಕ್ಕ ಕುಳಿತರು. "ಜೀವಕ್ಕೆ ಅಪಾಯ ಇಲ್ಲ ಅಂತ ಕಾಣ್ತದೆ. ಒಂದೆರಡು ದಿನ ಆಸ್ಪತ್ರೆಯಲ್ಲಿ ನೋಡುವ. ನೀವು ಬಂದು ಹೇಳಿದ್ದಕ್ಕೆ ನಮಗೆ ಯೋಚಿಸ್ಲಿಕ್ಕೆ ಇರಲಿಲ್ಲ, ಕೂಡಲೇ ಕೊಟ್ಟೆವು. ಇಲ್ಲದಿದ್ದರೆ..." ಅವರು ನಿಲ್ಲಿಸಿದರು. "ಆದರೆ ಅಮ್ಮ, ಮೊದಲೇ ಯಾಕೆ ಹೇಳಲಿಲ್ಲ?"

"ಅವರು ಬೇಡ ಅಂದಿದ್ದರು."

ಡಾಕ್ಟರ್ ಅವಳನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋಗುವ ದಾರಿಯಲ್ಲಿ ವಿಸ್ಮಿತಾ ಆಸ್ಪತ್ರೆಯ ವಾರ್ಡಿಗೆ ಬಂದಳು. ನಿದ್ದೆಗೆಟ್ಟ ಕಣ್ಣು. ಲೋಕನಾಥನ ಮುಖದ ಊತ ಇಳಿದಿತ್ತು. ದನಿ ಮಾತ್ರ ಗೊಗ್ಗರಾಗಿ, ಯಾರೋ ಬೇರೆಯವರ ದನಿಯ ಹಾಗೆ ಕೇಳುತ್ತಿತ್ತು. ಕಾಂತಿ ಕಿಟಕಿಯ ಹತ್ತಿರ ಫ್ಲಾಸ್ಕಿನಿಂದ ಚಾ ಬಗ್ಗಿಸುತ್ತಿದ್ದಳು.

"ಅಣ್ಣ, ನಿಮ್ಮನ್ನು ಉಳಿಸಿದ್ದು ಅಕ್ಕ," ಎಂದಳು ವಿಸ್ಮಿತಾ. "ಬಾಗಿಲು ಒಡೆಯುವ ಹಾಗೆ ಬಡಿದರು. ನನಗೆ ರಾತ್ರಿಯಿಡೀ ಅದೇ. ಫೋಟೋ ಮುಗಿದು ನಾನು ಹೊರಗೆ ಬಂದವಳು ಅಕ್ಕನ ಹತ್ತಿರ ಮಾತಾಡಿದ್ದೆ, ಈಗ ಔಷಧಿ ಬಿಡ್ತೇವೆ ಅಂತಲೂ ಹೇಳಿದ್ದೆ. ಆಗ ನೆನಪಾಗ್ತಿದ್ದರೆ ಇಷ್ಟೂ ಆಗ್ತಿರಲಿಲ್ಲ. ಪಾಪ, ಗಾಬರಿಯಲ್ಲಿ ಮರೆತಿರಬೇಕು." ತಪ್ಪು ತನ್ನದೇ ಎಂಬಂತೆ ಅವಳು ಅಳು ನುಂಗಿಕೊಂಡಳು. "ಇನ್ನು ಮುಂದೆ ದಯಮಾಡಿ ಎಲ್ಲ ಕಡೆ ಹೇಳಿ ಅಣ್ಣ."

ಅವಳು ಹೋದ ಮೇಲೆ ಕಾಂತಿ ಚಾದ ಲೋಟವನ್ನು ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟಳು. ಲೋಕನಾಥ ಅದನ್ನು ಮುಟ್ಟಲಿಲ್ಲ.

"ಆ ಹುಡುಗಿ ಹೊರಗೆ ಬಂದಿದ್ದಳಾ?" ಎಂದು ಕೇಳಿದ.

"ಬಂದಿದ್ದಳು."

"ಔಷಧಿ ಬಿಡ್ತೇವೆ ಅಂತ ಹೇಳಿದಳಾ?"

"ಹೇಳಿದಳು."

"ನೀನು ಎಂಥ ಮಾಡ್ತಿದ್ದೆ?"

ಕಾಂತಿ ಅವನನ್ನು ನೋಡಿದಳು. "ಕೂತಿದ್ದೆ. ನೀವೇ ಹೇಳಿದ್ದಲ್ಲವಾ, ಮನಿಪಂದೆ ಕುಲ್ಲು ಅಂತ."

ಅವನ ಬಾಯಿಯಲ್ಲಿ ಒಂದು ಬೈಗುಳ ಎದ್ದದ್ದು ಅವಳಿಗೆ ಕಂಡಿತು. ಮೂವತ್ತು ವರ್ಷದಲ್ಲಿ ಅದು ಏಳುವ ರೀತಿ ಅವಳಿಗೆ ಬಾಯಿಪಾಠವಾಗಿತ್ತು: ಮೊದಲು ಮೂಗಿನ ಹೊಳ್ಳೆ ಅರಳುತ್ತದೆ, ಆಮೇಲೆ ಗದ್ದ ಮುಂದೆ ಬರುತ್ತದೆ. ಈ ಸಲ ಗದ್ದ ಮುಂದೆ ಬಂದು ಅಲ್ಲಿಯೇ ನಿಂತಿತು. ಅವನು ಗೋಡೆಯ ಕಡೆ ಹೊರಳಿ ಮಲಗಿದ.

ಮೊದಲ ಫೋಟೋದಲ್ಲಿಯೇ ಎಡ ಕಿಡ್ನಿಯಲ್ಲಿ ಏನೋ ಒಂದು ನೆರಳು ಕಂಡಿತ್ತು. ಅದೇನೆಂದು ತಿಳಿಯಲು ಮಂಗಳೂರಿಗೇ ಹೋಗಬೇಕಾಯಿತು. ಲಿಫ್ಟಿನಲ್ಲಿ ಪರಿಚಯದವರು ಸಿಕ್ಕರು. ಲೋಕನಾಥ ಅವರತ್ತ ನೋಡಲಿಲ್ಲ. ಅಲ್ಲಿಯ ಡಾಕ್ಟರು ಹಿಂದೆ ಏನಾದರೂ ತೊಂದರೆ ಆಗಿತ್ತಾ ಎಂದು ಕೇಳಿದಾಗ ಅವನು ಹೆಂಡತಿಯ ಕಡೆ ಕೈ ತೋರಿಸಿದ. ಕಾಂತಿ ಎರಡೂ ಸಲದ್ದನ್ನು ಮೊದಲಿನಿಂದ ಕೊನೆಯ ತನಕ ಹೇಳಿದಳು. ಒದ್ದೆಯಾದ ಪೈಜಾಮವನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಬೇರೆ ರೀತಿಯ ಪರೀಕ್ಷೆ ಮಾಡಬೇಕು, ಫಲಿತಾಂಶ ಬರಲಿಕ್ಕೆ ಸಮಯ ಬೇಕು, ಮನೆಯಲ್ಲಿರಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದರು.

ಮನೆಯಲ್ಲಿ ಅವನು ಮಾತು ಕಡಿಮೆ ಮಾಡಿದ. ಅವಳು ಕೋಣೆಗೆ ಬಂದರೆ ಅವನ ಕಣ್ಣು ಅವಳ ಕೈಗಳ ಹಿಂದೆ ಹೋಗುತ್ತಿತ್ತು. ಮಾತ್ರೆಯನ್ನು ಅವಳು ಸ್ಟ್ರಿಪ್ಪಿನಿಂದ ಬಿಡಿಸಿ ಕೊಟ್ಟರೆ, "ಅಲ್ಲಿ ಇಡು" ಎನ್ನುತ್ತಿದ್ದ. ಅವಳು ಹೋದ ಮೇಲೆ ಸ್ಟ್ರಿಪ್ಪನ್ನು ಕೈಗೆತ್ತಿಕೊಂಡು ಹೆಸರು ಓದುವುದು ಬಾಗಿಲಿನ ಸಂದಿಯಿಂದ ಕಾಣುತ್ತಿತ್ತು. ರಾತ್ರಿ ತನ್ನ ಕೋಣೆಯ ಚಿಲಕ ಹಾಕಿಕೊಳ್ಳತೊಡಗಿದ. ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ಒಂದು ದಿನ ಬಾವಿಕಟ್ಟೆಯ ಹತ್ತಿರ ಕುಳಿತು ಬಹಳ ಹೊತ್ತು ಅತ್ತಳು. ನನಗೆ ಅಂಥದ್ದು ಮನಸ್ಸಿನಲ್ಲೇ ಇಲ್ಲ ಎಂದು ಅವನಿಗೆ ಹೇಳಬೇಕೆಂದುಕೊಂಡಳು. ಹೇಳಲು ಹೋದಾಗ ಬಿಸಿಲು ಬಿದ್ದ ಆ ಖಾಲಿ ಕುರ್ಚಿ ಎದುರಿಗೆ ಬಂತು. ಹೇಳದೆ ಹಿಂದಿರುಗಿದಳು.

ಒಂದು ಬೆಳಿಗ್ಗೆ ಸೀರೆ ಬದಲಿಸಿ ಜಗಲಿಗೆ ಬಂದು ಹೇಳಿದಳು, "ನರಿಕೊಂಬಿಗೆ ಹೋಗಿ ಬರ್ತೇನೆ."

ಲೋಕನಾಥ ಪೇಪರಿನಿಂದ ತಲೆಯೆತ್ತಿದ. ಹೊಳ್ಳೆ ಅರಳಲಿಲ್ಲ.

"ಸಂಜೆಗೆ ಬರ್ತಿಯಲ್ಲ?" ಎಂದು ಮಾತ್ರ ಕೇಳಿದ.

"ಬರ್ತೇನೆ. ಗಂಜಿ, ಚಟ್ನಿ ಮುಚ್ಚಿಟ್ಟಿದ್ದೇನೆ. ಪಲ್ಯವೂ ಉಂಟು."

ನರಿಕೊಂಬಿನಲ್ಲಿ ಶೋಧನ್ ಅಕ್ಕನನ್ನು ಕಂಡು ಹಾರೆ ಕೆಳಗಿಟ್ಟ. "ಭಾವ ಬಿಟ್ಟರಾ?" ಎಂದ.

"ಬಿಡ್ತೀರಾ ಅಂತ ನಾನು ಕೇಳಲಿಲ್ಲ," ಎಂದಳು ಕಾಂತಿ.

ಅವನು ಅವಳನ್ನು ನದಿಯ ಕಡೆಯ ಗದ್ದೆಗೆ ಕರೆದುಕೊಂಡು ಹೋದ. ಅಮ್ಮನನ್ನು ಸುಟ್ಟ ಜಾಗದಲ್ಲಿ ನೆಟ್ಟ ತೆಂಗಿನ ಸಸಿ ಅವಳ ಎತ್ತರಕ್ಕೆ ಬಂದಿತ್ತು. ಆ ದಿನ ನಕ್ಕದ್ದನ್ನು ಅವಳು ತಮ್ಮನಿಗೆ ಹೇಳಿದಳು. ಮೊನ್ನೆ ಸ್ಕ್ಯಾನಿಂಗ್ ಸೆಂಟರಿನ ಹೊರಗೆ ಸುಮ್ಮನೆ ಕೂತಿದ್ದನ್ನು ಹೇಳಲಿಲ್ಲ. ನಾದಿನಿ ಮೀನು ಹುರಿದಿದ್ದಳು. ಊಟ ಮಾಡಿ, ಒಂದು ನಿದ್ದೆ ಮಾಡಿ, ನಾಲ್ಕು ಗಂಟೆಯ ಬಸ್ಸು ಹಿಡಿದಳು.

ಅವಳು ಸಿದ್ಧಕಟ್ಟೆಯಲ್ಲಿ ಇಳಿದು ಮನೆಗೆ ಬರುವಾಗ ಬಿಸಿಲು ಇಳಿದಿತ್ತು. ಲೋಕನಾಥ ಜಗಲಿಯಲ್ಲಿಯೇ ಕುಳಿತಿದ್ದ. ಮುಖ ಬಾಡಿತ್ತು. ಕುರ್ಚಿಯ ಕೆಳಗೆ ಬಾಳೆಹಣ್ಣಿನ ಸಿಪ್ಪೆಗಳು ಕಪ್ಪಾಗುತ್ತಿದ್ದವು. ಅಡುಗೆಮನೆಗೆ ಹೋಗಿ ನೋಡಿದಳು. ಗಂಜಿಯ ಪಾತ್ರೆಯ ಮುಚ್ಚಳ ತೆಗೆದೇ ಇರಲಿಲ್ಲ. ಚಟ್ನಿಯ ಮೇಲೆ ಒಗ್ಗರಣೆಯ ಮೆಣಸು ಅವಳು ಇಟ್ಟಲ್ಲೇ ಇತ್ತು.

ಅವಳು ಕೈಕಾಲು ತೊಳೆದು ಬಂದಳು. ಆಮೇಲೆ ಒಲೆ ಹಚ್ಚಿ ಗಂಜಿ ಬಿಸಿ ಮಾಡಿದಳು. ಎರಡು ಬಟ್ಟಲು ತೆಗೆದಳು. ಗಂಡನನ್ನು ಕರೆದಳು. ಅವನು ಬಂದು ಮೇಜಿನ ಆ ಕಡೆ ಕುಳಿತ. ಮದುವೆಯಾದಂದಿನಿಂದ ಅವಳು ಅವನ ಎದುರು ಕುಳಿತು ಉಂಡವಳಲ್ಲ. ಈಗ ಕುರ್ಚಿ ಎಳೆದು ಕುಳಿತಳು. ಒಂದೇ ಪಾತ್ರೆಯಿಂದ ಎರಡೂ ಬಟ್ಟಲಿಗೆ ಬಡಿಸಿದಳು. ಗಂಜಿಯಿಂದ ಹಬೆ ಏಳುತ್ತಿತ್ತು.

ಅವನು ಕೈ ಮುಂದೆ ಮಾಡಲಿಲ್ಲ.

ಕಾಂತಿ ತನ್ನ ಬಟ್ಟಲಿನಿಂದ ಒಂದು ಚಮಚ ಎತ್ತಿ, ಊದಿ, ಬಾಯಿಗಿಟ್ಟಳು. ಚಟ್ನಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡಳು. ಲೋಕನಾಥ ಅವಳ ಗಂಟಲನ್ನು ನೋಡುತ್ತಿದ್ದ. ಅದು ಮೇಲೆ ಹೋಗಿ ಕೆಳಗೆ ಇಳಿಯುವ ತನಕ ನೋಡಿದ. ಆಮೇಲೆ ಮೆಲ್ಲಗೆ ತನ್ನ ಬಟ್ಟಲನ್ನು ಹತ್ತಿರ ಎಳೆದುಕೊಂಡ.